ಮೊದಲು ಕೂಲಿ, ಆಮೇಲೆ ದರ: ತಿಕೋಟಾ ಸೀಮೆಯ ದುಡಿಯುವ ಹೆಣ್ಣುಮಕ್ಕಳ ಪ್ರಣಾಳಿಕೆ

ತಿಕೋಟಾ, ಬಬಲೇಶ್ವರ, ವಿಜಯಪುರದ ಓಣಿಗಳಲ್ಲಿ, ಸುತ್ತಲ ತಾಂಡಾಗಳಲ್ಲಿ, ತೋಟದ ಮನೆಗಳಲ್ಲಿ ಕುಳಿತು ಮಾಲು ತಯಾರಿಸಿ ಮಾರುವ ಹೆಣ್ಣುಮಕ್ಕಳು ನಾವು. ರೊಟ್ಟಿ ಬಡಿಯುವವರು, ಶೇಂಗಾ ಹಿಂಡಿ ಕುಟ್ಟುವವರು, ಶಾವಿಗೆ ಮಾಡುವವರು, ಕೌದಿ ಹೊಲಿಯುವವರು, ಕಸೂತಿ ಹಾಕುವವರು ನಮ್ಮಲ್ಲಿದ್ದಾರೆ. ನಾವು ಕೇಳುವುದು ಒಂದೇ. ನಾವು ಮಾಡಿದ ಮಾಲಿನ ದರದಲ್ಲಿ ನಮ್ಮ ಕೂಲಿ ಮೊದಲು ಸೇರಬೇಕು. ಸಾಲ, ಸಬ್ಸಿಡಿ, ಬ್ರ್ಯಾಂಡು, ಮೇಳ ಎಲ್ಲವೂ ಅದರ ಹಿಂದೆ ಬರಲಿ.

ಒಂದು ಖಡಕ್ ರೊಟ್ಟಿಯಿಂದಲೇ ಶುರು ಮಾಡೋಣ. ಜೋಳ ಹಸನು ಮಾಡಬೇಕು, ಗಿರಣಿಗೆ ಒಯ್ದು ಬೀಸಿಸಿಕೊಂಡು ಬರಬೇಕು, ಎಸರಿಟ್ಟು ಹಿಟ್ಟು ನಾದಬೇಕು. ಬಡಿಯುವಾಗ ಅಂಚು ಸೀಳದಂತೆ ಒಂದು ಕೈ ತಿರುಗಿಸುತ್ತಿರಬೇಕು, ಇನ್ನೊಂದು ಕೈ ಒಂದೇ ಸಮನೆ ಬಡಿಯುತ್ತಿರಬೇಕು. ಹಂಚಿಗೆ ಹಾಕಿದ ಮೇಲೆ ಹಸಿ ಅರಿವೆಯಿಂದ ನೀರು ಸವರಿ, ಮಗುಚಿ, ಬೇಯಿಸಿ, ಆಮೇಲೆ ಸಣ್ಣ ಉರಿಯಲ್ಲಿ ನೀರಿನ ಪಸೆಯೆಲ್ಲ ಆರಿ ಗರಿಯಾಗುವ ತನಕ ಕಾಯಬೇಕು. ಪಸೆ ಉಳಿದರೆ ನಾಲ್ಕು ದಿನಕ್ಕೆ ಬೂಸು ಬರುತ್ತದೆ, ಉರಿ ಹೆಚ್ಚಾದರೆ ಕಪ್ಪಾಗುತ್ತದೆ. ಇದನ್ನು ಕಲಿಯುವುದಕ್ಕೆ ವರ್ಷಗಳು ಬೇಕು. ಸಂಜೆ ಹೊತ್ತಿಗೆ ರಟ್ಟೆ ಹಿಡಿದುಕೊಂಡಿರುತ್ತದೆ, ಹೊಗೆಗೆ ಕಣ್ಣು ಕೆಂಪಾಗಿರುತ್ತವೆ.

ಅಂಗಡಿಯವರು ಕೇಳುವುದು ಏನು? ಜೋಳಕ್ಕೆಷ್ಟು ಬಿತ್ತು, ಗ್ಯಾಸಿಗೆಷ್ಟು ಬಿತ್ತು ಅಂತ. ಅದರ ಮೇಲೆ ಒಂದಿಷ್ಟು ಇಟ್ಟು ದರ ಮುಗಿಸುತ್ತಾರೆ. ಕೂಲಿಯ ಮಾತು ತೆಗೆದರೆ, "ಮನ್ಯಾಗ ಕುಂತು ಮಾಡ್ತೀರಲ್ಲ ಅಕ್ಕಾರ, ಅದಕ್ಯಾತರ ಕೂಲಿ?" ಅನ್ನುತ್ತಾರೆ. ಈ ಮಾತನ್ನು ನಾವು ಇನ್ನು ಒಪ್ಪುವುದಿಲ್ಲ. ನಮ್ಮ ಮನೆಯವರು ಆಡಿದರೂ ಒಪ್ಪುವುದಿಲ್ಲ, ನಾವೇ ಆಡಿಕೊಂಡರೂ ಒಪ್ಪುವುದಿಲ್ಲ.

ಕೂಲಿ ಎಷ್ಟು ಹಿಡಿಯಬೇಕು ಎಂಬುದಕ್ಕೆ ನಮಗೆ ಒಂದು ಅಳತೆ ಬೇಕಿತ್ತು. ಉದ್ಯೋಗ ಖಾತರಿ ಕೆಲಸಕ್ಕೆ 2025-26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ. ಅಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಪಗಾರ. ಅದಕ್ಕೇ ಈ ಅಳತೆ ಹಿಡಿದಿದ್ದೇವೆ. ಎಂಟು ತಾಸಿನ ದಿನ ಅಂತ ಲೆಕ್ಕ ಹಾಕಿದರೆ ತಾಸಿಗೆ 46 ರೂಪಾಯಿ ಚಿಲ್ಲರೆ ಆಗುತ್ತದೆ. ನೂರು ರೊಟ್ಟಿಗೆ ನಾಲ್ಕು ತಾಸು ಹಿಡಿದರೆ 185 ರೂಪಾಯಿ ಕೂಲಿ, ಅಂದರೆ ರೊಟ್ಟಿಯೊಂದಕ್ಕೆ 1 ರೂಪಾಯಿ 85 ಪೈಸೆ. ಇದು ಜೋಳ, ಗಿರಣಿ, ಗ್ಯಾಸು, ಚೀಲ ಯಾವುದೂ ಸೇರದ ಲೆಕ್ಕ. ಮಣ್ಣು ಹೊರುವ ಕೈಗೆ ಸರ್ಕಾರ ಕೊಡುವುದಕ್ಕಿಂತ ಕಡಿಮೆಗೆ ರೊಟ್ಟಿ ಬಡಿಯುವ ಕೈ ದುಡಿಯಬಾರದು. ಇದು ನಮ್ಮ ತಳದ ಗೆರೆ. ಕುಸುರಿ ಹೆಚ್ಚು ಬೇಡುವ ಕೌದಿಗೆ, ಕಸೂತಿಗೆ ಗೆರೆ ಇದಕ್ಕಿಂತ ಮೇಲೇ ಇರಬೇಕು.

ಬಸವಣ್ಣ ಹುಟ್ಟಿದ ಜಿಲ್ಲೆ ನಮ್ಮದು. ಆ ಕಾಲದ ಶರಣೆಯರನ್ನು ಇವತ್ತಿಗೂ ಅವರವರ ಕಾಯಕ ಹಿಡಿದೇ ಗುರುತಿಸುತ್ತೇವೆ. ಕದಿರ ರೆಮ್ಮವ್ವೆ ನೂಲು ತೆಗೆದವಳು, ಕೊಟ್ಟಣದ ಸೋಮವ್ವೆ ಕಾಳು ಕುಟ್ಟಿದವಳು, ಆಯ್ದಕ್ಕಿ ಲಕ್ಕಮ್ಮ ಅಕ್ಕಿ ಆಯುವ ಕಾಯಕದ ಮನೆಯವಳು. ಎಂಟು ನೂರು ವರ್ಷದ ಹಿಂದೆ ಹೆಣ್ಣಿನ ಕಸುಬು ಅವಳ ಹೆಸರಿನ ಜೊತೆಗೇ ನಿಂತಿತ್ತು. ನಮ್ಮ ಹಿಂಡಿಯ ಪಾಕೀಟಿನ ಮೇಲೆ ಮಾತ್ರ ಇವತ್ತು ಯಾರದೋ ಹೆಸರು. 2013ರ ಆರನೇ ಆರ್ಥಿಕ ಗಣತಿಯಲ್ಲಿ ದೇಶದ ಒಟ್ಟು ಉದ್ಯಮಗಳಲ್ಲಿ ಹೆಂಗಸರ ಒಡೆತನದವು ಶೇ 13.76 ಎಂದು ಬಂತು. ಹೆಂಗಸರು ದುಡಿಯುವ ಉದ್ಯಮಗಳ ಲೆಕ್ಕ ತೆಗೆದಿದ್ದರೆ ಅಂಕಿ ಬೇರೆಯೇ ಬರುತ್ತಿತ್ತು.

ಮಣೂಕದ, ಅಂದರೆ ಒಣದ್ರಾಕ್ಷಿಯ ಮಾತು ಹೇಳದೆ ತಿಕೋಟಾದ ಮಾತು ಮುಗಿಯುವುದಿಲ್ಲ. ನೀರಾವರಿ ಬಂದ ಮೇಲೆ, ಅದಕ್ಕೂ ಮೊದಲು ಬೋರಿನ ನೀರು, ಟ್ಯಾಂಕರ್ ನೀರು ಹಾಕಿ, ನಮ್ಮ ಸೀಮೆ ದ್ರಾಕ್ಷಿ ಬೆಳೆಯಿತು. ಗೊನೆ ಕತ್ತರಿಸುವುದು, ಔಷಧದ ನೀರಲ್ಲಿ ಅದ್ದಿದ ಹಣ್ಣನ್ನು ಜಾಳಿಗೆಯ ಮೇಲೆ ಹರವುವುದು, ಒಣಗಿದ ಮೇಲೆ ಕಡ್ಡಿ ಬಿಡಿಸಿ, ಉದ್ದ ಕಾಳು, ದುಂಡು ಕಾಳು, ಕಪ್ಪು ಬಿದ್ದದ್ದು ಬೇರೆ ಬೇರೆ ಮಾಡುವುದು, ಇದರಲ್ಲಿ ಬಹುಪಾಲು ಹೆಣ್ಣಾಳಿನ ಕೆಲಸ. ಬಂಗಾರದ ಬಣ್ಣ ಬರಲೆಂದು ಗಂಧಕದ ಹೊಗೆ ಕೊಟ್ಟ ಮಾಲನ್ನು ಆರಿಸುವಾಗ ಗಂಟಲು ಕೆರೆಯುತ್ತದೆ. ಆಮೇಲೆ ಮಾಲು ಬಾಕ್ಸಿನಲ್ಲಿ ತಾಸಗಾಂವ, ಸಾಂಗಲಿ ಪೇಟೆಗೆ ಹೋಗುತ್ತದೆ. ಆರಿಸಿದ ಕೈಗೆ ದಿನದ ಕೂಲಿ ಬಿಟ್ಟರೆ ಏನೂ ಉಳಿಯುವುದಿಲ್ಲ. ದ್ರಾಕ್ಷಿ ಬೆಳೆಗಾರರಲ್ಲಿ ನಮ್ಮ ಮನವಿ ಇದೆ: ಪ್ರತಿ ಹಂಗಾಮಿನಲ್ಲಿ ಒಂದಿಷ್ಟು ಮಾಲನ್ನು ಪೇಟೆಯ ದರಕ್ಕೇ ನಮಗೆ ಕೊಡಿ. ಪುಕ್ಕಟೆ ಬೇಡ, ರಿಯಾಯಿತಿಯೂ ಬೇಡ. ಆರಿಸಿ, ತೂಗಿ, ಕಾಲು ಕಿಲೋ ಪಾಕೀಟು ಮಾಡಿ, ತಿಕೋಟಾದ ಹೆಸರಿನಲ್ಲೇ ನಾವು ಮಾರುತ್ತೇವೆ.

ತಾಂಡಾದ ಅಕ್ಕಂದಿರು ನಮ್ಮ ಜೊತೆ ಸಮನಾಗಿ ಕುಳಿತುಕೊಳ್ಳುತ್ತಾರೆ. ಕನ್ನಡಿ, ಕವಡೆ ಕೂಡಿಸಿ ಅವರು ಹಾಕುವ ಕಸೂತಿಗೆ ಹೊರಗೆ ಎಷ್ಟು ಬೆಲೆ ಇದೆ ಎಂಬುದು ತಾಂಡಾಕ್ಕೇ ಗೊತ್ತಾಗಬೇಕು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ ಹೆಣ್ಣುಮಕ್ಕಳು ಮಾಡಿದ 1755 ಕಸೂತಿ ವಸ್ತುಗಳನ್ನು ಒಂದೆಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ವಿಜಯಪುರದಲ್ಲೂ ಬಂಜಾರಾ ಕಸೂತಿ ಸಂಸ್ಥೆ ತಾಂಡಾಗಳ ಕಸೂತಿಯನ್ನು ಹೊರಗಿನ ಪೇಟೆಗೆ ಮುಟ್ಟಿಸುತ್ತಿದೆ. ಸುಗ್ಗಿ ಮುಗಿದ ಮೇಲೆ ಕೂಸುಗಳನ್ನು ಕಟ್ಟಿಕೊಂಡು ಮಹಾರಾಷ್ಟ್ರ, ಗೋವಾದ ಕಡೆ ದುಡಿಯಲು ಹೋಗುವ ಹೆಣ್ಣುಮಗಳು ತಾಂಡಾದಲ್ಲೇ ಉಳಿಯಬೇಕಾದರೆ ಸೂಜಿಯ ಕೆಲಸಕ್ಕೆ ವರ್ಷವಿಡೀ ಕೂಲಿ ಹುಟ್ಟಬೇಕು.

ಕೂಲಿ ಮೊದಲು ಎಂಬುದು ನಡೆಯುತ್ತದೆಯೇ ಎಂದು ಕೇಳುವವರಿಗೆ ಲಿಜ್ಜತ್ ಹಪ್ಪಳದ ಉದಾಹರಣೆ ಕೊಡುತ್ತೇವೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವದಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಿದರು. ಲಟ್ಟಿಸಿದ ತೂಕದ ಮೇಲೆ ಕೂಲಿ, ಕೆಲಸ ಮಾಡುವ ಪ್ರತಿಯೊಬ್ಬಳಿಗೂ ಒಡೆತನ, ಇವೆರಡನ್ನು ಅವರು ಬಿಡಲಿಲ್ಲ. ದೂರ ಯಾಕೆ, ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘ ಸಿರಿಧಾನ್ಯ, ದೇಸಿ ಬೀಜಗಳನ್ನು ಹಿಡಿದು ನಿಂತು 2025ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಪಡೆಯಿತು. ಕಲಬುರಗಿಯ ಹೆಣ್ಣುಮಕ್ಕಳು ತಮ್ಮ ಜಿಲ್ಲೆಯ ಹೆಸರಲ್ಲೇ ರೊಟ್ಟಿ ಮಾರುತ್ತಿದ್ದಾರೆ.

ಇನ್ನು ಉದ್ರಿ. ಮಾಲು ಇವತ್ತು ಒಯ್ದು ರೊಕ್ಕ ಮುಂದಿನ ಅಮವಾಸ್ಯೆಗೆ ಕೊಡುವ ರೂಢಿಯಿಂದ ಎಷ್ಟು ಒಲೆ ಆರಿವೆ ಎಂಬುದು ನಮಗೆ ಗೊತ್ತು. ಸಣ್ಣ ತಯಾರಕರಿಂದ ಮಾಲು ಕೊಂಡವರು ಒಪ್ಪಂದವಿಲ್ಲದಿದ್ದರೆ 15 ದಿನದಲ್ಲಿ, ಬರಹದ ಒಪ್ಪಂದವಿದ್ದರೂ 45 ದಿನ ಮೀರದಂತೆ ರೊಕ್ಕ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಈ ರಕ್ಷಣೆ ಬೇಕಾದರೆ ಉದ್ಯಮ್ ನೋಂದಣಿ ಇರಬೇಕು. ಅದಕ್ಕೆ ಶುಲ್ಕವೇ ಇಲ್ಲ. ಅದನ್ನು ಮಾಡಿಸಿಕೊಡುತ್ತೇವೆಂದು ನೂರಾರು ರೂಪಾಯಿ ಕೇಳುವವರ ಹತ್ತಿರ ಹೋಗಬೇಡಿ, ನಮ್ಮಲ್ಲಿ ಓದಿದ ಹುಡುಗಿಯರು ಮಾಡಿಕೊಡುತ್ತಾರೆ. ಖಾನಾವಳಿಯವರಿಗೆ, ಮದುವೆ ಮನೆಯವರಿಗೆ ಕಾಯ್ದೆಗಿಂತ ಮೊದಲು ನಮ್ಮ ಮಾತು: ರೊಟ್ಟಿಯ ರೊಕ್ಕ ರೊಟ್ಟಿ ಎಣಿಸಿಕೊಂಡ ದಿನವೇ ಕೊಡಿ.

ನಮ್ಮ ಮೇಲೂ ಕಟ್ಟುಪಾಡು ಹಾಕಿಕೊಂಡಿದ್ದೇವೆ. ಲೈಸೆನ್ಸು ಹೆಂಡತಿಯ ಹೆಸರಲ್ಲಿ, ಪಾಸ್‌ಬುಕ್ಕು ಗಂಡನ ಕಿಸೆಯಲ್ಲಿ ಇರುವ ಘಟಕ ಈ ಬಳಗದಲ್ಲಿ ಇರುವಂತಿಲ್ಲ. ಗಂಡ, ಮಗ, ಅಣ್ಣ ಕೈಜೋಡಿಸಲಿ, ಬಂಡಿ ಹೊಡೆಯಲಿ, ಲೆಕ್ಕ ಬರೆಯಲಿ, ಆದರೆ ಖಾತೆ ದುಡಿದವಳದೇ ಆಗಿರಬೇಕು. ಹಳೆಯ ಶೇಂಗಾ ಬೆರೆಸಿದ ಹಿಂಡಿ, ಮಶೀನಿನಲ್ಲಿ ಹೊಲಿದು ಕೈಹೊಲಿಗೆ ಎಂದು ಹೇಳಿದ ಕೌದಿ ನಮ್ಮ ಹೆಸರಿನಲ್ಲಿ ಮಾರಾಟವಾಗುವುದಿಲ್ಲ. ಒಬ್ಬಳು ಮಾಡಿದ ಮೋಸಕ್ಕೆ ಎಲ್ಲರ ಗಿರಾಕಿ ಹೋಗುತ್ತದೆ. ಒಬ್ಬರ ದರ ಮುರಿದು ಇನ್ನೊಬ್ಬರು ಮಾರುವುದನ್ನೂ ಬಿಡಬೇಕು, ಇದೇ ಎಲ್ಲಕ್ಕಿಂತ ಕಷ್ಟದ ಕಟ್ಟುಪಾಡು ಎಂದು ನಮಗೆ ಗೊತ್ತು.

ಸರ್ಕಾರಕ್ಕೆ ಹೇಳುವುದೂ ಇದೆ. ಕೇಂದ್ರದ ಇಲಾಖೆಗಳು, ಸಾರ್ವಜನಿಕ ಉದ್ಯಮಗಳು ತಮ್ಮ ಖರೀದಿಯಲ್ಲಿ ಶೇ 3ರಷ್ಟನ್ನು ಹೆಂಗಸರ ಒಡೆತನದ ಸಣ್ಣ ಘಟಕಗಳಿಂದ ಮಾಡಬೇಕೆಂದು 2018ರಿಂದ ನಿಯಮವಿದೆ. ನಮ್ಮ ಜಿಲ್ಲೆಯ ಕೂಡಗಿಯಲ್ಲೇ ಎನ್‌ಟಿಪಿಸಿ ಸ್ಥಾವರ ಇದೆ. ಅದರ ಕ್ಯಾಂಟೀನಿನ ರೊಟ್ಟಿ, ಅತಿಥಿಗಳಿಗೆ ಕೊಡುವ ಕಾಣಿಕೆ ನಮ್ಮಿಂದ ಹೋಗಲಿ. ಜಿಲ್ಲೆಯ ಹಾಸ್ಟೆಲ್‌ಗಳಿಗೆ ರಾಜ್ಯವೂ ಇಂಥದೇ ಪಾಲು ಕಡ್ಡಾಯ ಮಾಡಲಿ. ತಿಕೋಟಾದಿಂದ ಜತ್ತ ತಾಲ್ಲೂಕು ದೂರವಿಲ್ಲ, ಅಲ್ಲಿ ನಮ್ಮ ಬೀಗರಿದ್ದಾರೆ, ಸಂತೆಯಲ್ಲಿ ಕನ್ನಡವೇ ನಡೆಯುತ್ತದೆ. ಆದರೆ ರಾಜ್ಯದ ಗಡಿ ದಾಟಿತೆಂದು, ತೆರಿಗೆ ಬೀಳುವ ಹಿಂಡಿಪುಡಿಯನ್ನು ಅಲ್ಲಿಗೆ ಮಾರಲು ಮೊದಲ ಪಾಕೀಟಿನಿಂದಲೇ ಜಿಎಸ್‌ಟಿ ನೋಂದಣಿ ಬೇಕು. ಕರಕುಶಲ ವಸ್ತುಗಳಿಗೆ ಇದರಲ್ಲಿ ವಿನಾಯಿತಿ ಇದೆ, ಅದನ್ನು ಕೈಯಡುಗೆಯ ಮಾಲಿಗೂ ಕೊಡಲಿ. ತಿಕೋಟಾ ರಸ್ತೆಯ ತೊರವಿಯಲ್ಲೇ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. 2003ರಲ್ಲಿ ಶುರುವಾದ ಈ ವಿದ್ಯಾಪೀಠ ನಮ್ಮ ಹಿಂಡಿ ಎಷ್ಟು ದಿನ ತಾಳುತ್ತದೆ ಎಂದು ಪರೀಕ್ಷೆ ಮಾಡಿಕೊಟ್ಟರೆ, ಅಲ್ಲಿ ಓದುವ ಹೆಣ್ಣುಮಕ್ಕಳಿಗೂ ಪಾಠ, ನಮಗೂ ಆಧಾರ.

ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದ ಮೇಲೆ ಬಸ್ಸಿನ ಖರ್ಚಿಲ್ಲದೆ ಬುಟ್ಟಿ ಹೊತ್ತು ವಿಜಯಪುರದ ಪೇಟೆಗೆ ಹೋಗಿಬರುವುದು ಹಗುರಾಗಿದೆ. ಬರುವ ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆಯಲ್ಲಿ ನಮ್ಮ ಮೊದಲ ಅಂಗಡಿ ಹಾಕಬೇಕೆಂದಿದ್ದೇವೆ. ಅಲ್ಲಿ ಪ್ರತಿ ಮಾಲಿನ ಮುಂದೆ ಒಂದು ಹಲಗೆ ಇರುತ್ತದೆ: ಸಾಮಾನಿಗೆ ಇಷ್ಟು, ಕೂಲಿಗೆ ಇಷ್ಟು, ಮಾಡಿದವಳ ಹೆಸರು ಇದು. ಚೌಕಾಸಿ ಮಾಡುವವರು ಸಾಮಾನಿನ ಸಾಲಿನಲ್ಲಿ ಮಾಡಬಹುದು, ಕೂಲಿಯ ಸಾಲಿನಲ್ಲಿ ಮಾಡುವಂತಿಲ್ಲ.

ಸೇರಬಯಸುವ ಅಕ್ಕತಂಗಿಯರು ಒಂದು ವಾರದ ಲೆಕ್ಕ ಬರೆದುಕೊಂಡು ಬನ್ನಿ: ಯಾವ ಮಾಲು, ಎಷ್ಟು ತಾಸು, ಸಾಮಾನಿಗೆ ಎಷ್ಟು ಖರ್ಚು, ಕೈಗೆ ಬಂದದ್ದೆಷ್ಟು. ಬರೆಯಲು ಬಾರದವರು ಬಾಯಲ್ಲಿ ಹೇಳಿ, ನಾವು ಬರೆದುಕೊಳ್ಳುತ್ತೇವೆ. ಆಧಾರ್ ಕಾರ್ಡು, ನಿಮ್ಮ ಹೆಸರಿನ ಪಾಸ್‌ಬುಕ್ಕು ತನ್ನಿ. ನಿಮ್ಮ ಹೆಸರಿನಲ್ಲಿ ಖಾತೆ ಇಲ್ಲದಿದ್ದರೆ ಮೊದಲ ದಿನ ಮಾಡುವ ಕೆಲಸ ಅದೇ.