ಮಳೆನೀರಿಗೂ ದಾರಿ ಬೇಕು

1388ರಲ್ಲಿ ಪೆನುಕೊಂಡದಲ್ಲಿದ್ದ ಪ್ರತಾಪ ಬುಕ್ಕರಾಯನು ಹೆನ್ನೆ ಹೊಳೆಯನ್ನು, ಎಂದರೆ ಪಿನಾಕಿನಿಯನ್ನು, ಊರಿಗೆ ತರುವಂತೆ ಜಲಸೂತ್ರ ಬಲ್ಲ ಸಿಂಗಯಭಟ್ಟನಿಗೆ ಅಪ್ಪಣೆ ಕೊಟ್ಟನೆಂದು ಶಾಸನವು ತಿಳಿಸುತ್ತದೆ. ಆತನು ಸಿರುವೆರದ ಕೆರೆಯವರೆಗೆ ಕಾಲುವೆ ತೋಡಿಸಿದನು. ನೆಲದ ಇಳಿಜಾರನ್ನು ಅರಿಯದವರಿಂದ ಆಗುವ ಕೆಲಸವಲ್ಲ ಅದು.

ಈಗಲೋ? 2019ರಲ್ಲಿ ಎರ್ರಮಂಚಿಯ ಕಾರು ಕಾರ್ಖಾನೆ ಕೆಲಸ ಆರಂಭಿಸಿದ ಮೇಲೆ ನಮ್ಮ ಸುತ್ತಲಿನ ಹೊಲಗಳು ಸೈಟುಗಳಾಗುತ್ತಿವೆ. ಮಣ್ಣು ಸಮಮಾಡಿ ಕಲ್ಲು ನೆಡುತ್ತಾರೆ. ಹಳ್ಳ, ವಂಕ ಎಲ್ಲಿತ್ತೆಂದು ಕೇಳುವವರು ವಿರಳ. ಹೊಲವಾಗಿದ್ದಾಗ ಬದುಗಳು ತಡೆದು ನೆಲವು ಹೀರುತ್ತಿದ್ದ ಮಳೆ, ಸಿಮೆಂಟು ರಸ್ತೆಯ ಮೇಲೆ ಬಿದ್ದರೆ ಒಮ್ಮೆಗೇ ಓಡುತ್ತದೆ. ಸಡಿಲಗೊಂಡ ಕೆಮ್ಮಣ್ಣನ್ನು ಎಳೆದೊಯ್ದು ಕೆರೆಯಲ್ಲಿ ಹೂಳು ತುಂಬುತ್ತದೆ. ಬರದ ಸೀಮೆಗೆ ಮೋರಿ ಏಕೆ ಎನ್ನುವವರೂ ಇದ್ದಾರೆ. 2022ರ ಅಕ್ಟೋಬರಿನಲ್ಲಿ ನಡಿಮಿವಂಕ ಉಕ್ಕಿ ಅನಂತಪುರದ ಬಡಾವಣೆಗಳು ಮುಳುಗಿದ್ದು ಇದೇ ಬರದ ಸೀಮೆಯಲ್ಲಿ!

ಕಲ್ಲು ನೆಡುವುದಕ್ಕೆ ಮೊದಲೇ ವಂಕಕ್ಕೆ ಜಾಗ ಬಿಡಬೇಕು, ಮೋರಿ ತೋಡಬೇಕು. ತಗ್ಗಿನಲ್ಲೊಂದು ಗುಂಡಿ ತೆಗೆದು, ಮಣ್ಣು ತಳಕ್ಕೆ ಇಳಿದ ಮೇಲೆ ನೀರನ್ನು ಕೆರೆಗೆ ಬಿಡಬೇಕೆಂಬುದು ನಮ್ಮ ಅಭಿಪ್ರಾಯ. ಸೈಟು ಕೊಳ್ಳುವ ಪೋಷಕರು ಜೋರು ಮಳೆ ಬಂದ ಮರುದಿನ ಹೋಗಿ ಜಾಗ ನೋಡಲಿ. ಮಕ್ಕಳನ್ನೂ ಕರೆದೊಯ್ಯಲಿ, ಕಾಗದದ ದೋಣಿ ಬಿಡುವವರಿಗೆ ನೀರಿನ ದಾರಿ ಬೇಗ ಕಾಣುತ್ತದೆ.