ದೊಡ್ಡ ಜೇಡ ಸಾಕುವ ಮುನ್ನ

ಹೊರದೇಶಗಳಲ್ಲಿ ಟಾರಂಟುಲಾ ಸಾಕುವವರು ಬಹಳ ಮಂದಿ. ಹೊಸಬರ ಕಣ್ಣು ಮೊದಲು ಬೀಳುವುದು ಗಾತ್ರದ ಮೇಲೆ, 28 ಸೆಂ.ಮೀ.ವರೆಗೆ ಕಾಲು ಚಾಚುವ ದಕ್ಷಿಣ ಅಮೆರಿಕದ ಗೋಲಿಯತ್ ಬೇಕೆನ್ನುತ್ತಾರೆ. ನಾವಂತೂ ಬೇಡವೆನ್ನುತ್ತೇವೆ. ಅದಕ್ಕೆ ಸದಾ ತೇವ ಬೇಕು. ಕೆರಳಿದರೆ ಅದು ಉದುರಿಸುವ ರೋಮದಿಂದ ಚರ್ಮ ತುರಿಸುತ್ತದೆ, ಕಣ್ಣು ಉರಿಯುತ್ತದೆ.

ದೊಡ್ಡದೇ ಬೇಕಾದರೆ ಪರಗ್ವೆ, ಅರ್ಜೆಂಟೀನಾ ಕಡೆಯ ಚಾಕೋ ಗೋಲ್ಡನ್ ನೀ ಎಂಬ ಸಾಧು ಜಾತಿ ವಾಸಿ. ಅದೂ ಸುಮಾರು 20 ಸೆಂ.ಮೀ. ಬೆಳೆಯುತ್ತದೆ. ಒಣ ಮಣ್ಣು, ನೀರಿನ ಬಟ್ಟಲು, ಗಿಡ್ಡ ಪೆಟ್ಟಿಗೆ ಇರಲಿ. ಎತ್ತರದಿಂದ ಬಿದ್ದರೆ ಹೊಟ್ಟೆ ಒಡೆದು ಸಾಯುತ್ತದೆ. ಹೆಣ್ಣು 20 ವರ್ಷ ಬದುಕಬಲ್ಲದು. ಅಷ್ಟು ಕಾಲ ನೋಡಿಕೊಳ್ಳುವ ಮನಸ್ಸಿದೆಯೇ? ಇಲ್ಲವಾದರೆ ತರುವುದೇ ತಪ್ಪು.

ನಮ್ಮ ಘಟ್ಟದ ಮರಪೊಟರೆಗಳಲ್ಲಿರುವ ಪೆಸಿಲೊಥೇರಿಯಾ ಜೇಡಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ 2019ರಿಂದ ನಿಯಂತ್ರಣವಿದೆ. ಅವನ್ನು ಹಿಡಿಯಬೇಡಿ, ನೋಡಿ ಬನ್ನಿ.