ಕೋಳಿಮಾಂಸ, ಮೊಟ್ಟೆ, ಹಾಲಿನಲ್ಲಿ ಔಷಧದ ಉಳಿಕೆ: ಪ್ರಯೋಗಾಲಯ ಪರೀಕ್ಷೆ ಕೋರಿ ಮನವಿ ಪತ್ರ

ಇವರಿಗೆ:
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಆಹಾರ ಸುರಕ್ಷತೆಯ ಜಿಲ್ಲಾ ಮಟ್ಟದ ಸಲಹಾ ಸಮಿತಿ,
ದಕ್ಷಿಣ ಕನ್ನಡ, ಮಂಗಳೂರು

ಇವರಿಂದ:
ಪಣಂಬೂರು, ಬೈಕಂಪಾಡಿ, ಕುಳಾಯಿಯ ನಾಗರಿಕರು

ಮಾನ್ಯರೇ,

ಪಣಂಬೂರಿನ ನವಮಂಗಳೂರು ಬಂದರಿನಿಂದ ಮೀನು ಉತ್ಪನ್ನಗಳು ಹೊರದೇಶಕ್ಕೆ ಹೋಗುತ್ತವೆ. ಭಾರತದ ಸಾಕಣೆ ಸಿಗಡಿಯಲ್ಲಿ ಆಂಟಿಬಯಾಟಿಕ್ ಉಳಿಕೆ ಸಿಗುತ್ತಿದ್ದುದರಿಂದ ಐರೋಪ್ಯ ಒಕ್ಕೂಟವು ನಮ್ಮ ಸಾಕಣೆ ಸರಕಿನ ಗಡಿ ತಪಾಸಣೆಯನ್ನು 2016ರಲ್ಲಿ ಶೇ. 10ರಿಂದ 50ಕ್ಕೆ ಏರಿಸಿತು. ಅಲ್ಲಿನವರ ತಟ್ಟೆಗೆ ಇಷ್ಟು ಕಾವಲು. ಬಂದರಿನ ಗೋಡೆಯ ಈಚೆ, ಭಾನುವಾರದ ಕೋರಿರೊಟ್ಟಿಗೆ ನಾವು ಒಯ್ಯುವ ಫಾರಂ ಕೋಳಿಯ ಬಗ್ಗೆ ಕೇಳಿದರೆ, ತೋರಿಸಲು ಅಂಗಡಿಯವರ ಬಳಿ ಒಂದು ವರದಿಯೂ ಇಲ್ಲ.

ಕಾನೂನಿಗೇನೂ ಕೊರತೆಯಿಲ್ಲ. ಮಿತಿ ಮೀರಿದ ಪಶು ಔಷಧ ಉಳಿಕೆಯನ್ನು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 21ನೇ ಕಲಮು ನಿಷೇಧಿಸಿದೆ. ಐಸಿಯುವಿನಲ್ಲಿ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಬಾರದೆಂದು ಕೇಂದ್ರ ಸರ್ಕಾರ 2019ರಲ್ಲಿ ಆದೇಶಿಸಿತು. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್‌ಗಳ ಸರದಿ 2025ರ ಮಾರ್ಚ್‌ನಲ್ಲಿ ಬಂತು. 2018ರ ರಾಷ್ಟ್ರೀಯ ಹಾಲು ಸಮೀಕ್ಷೆಯ 6,432 ಮಾದರಿಗಳಲ್ಲಿ 77ರಲ್ಲಿ ಆಂಟಿಬಯಾಟಿಕ್ ಮಿತಿ ಮೀರಿತ್ತು. ಸಂಖ್ಯೆ ಸಣ್ಣದೇ, ಆದರೆ ಹುಡುಕಿದ್ದರಿಂದಲೇ ಅದು ಗೊತ್ತಾದದ್ದು.

ಕೋಳಿಗೆ ಹಾರ್ಮೋನ್ ಚುಚ್ಚುತ್ತಾರೆಂಬ ಮಾತು ಊರೆಲ್ಲ ಇದೆ. ನಾವು ಅದನ್ನು ನಂಬಿ ಬಂದವರಲ್ಲ. ಸಾವಿರಾರು ಹಕ್ಕಿಗಳಿಗೆ ದಿನವೂ ಸೂಜಿ ಹಾಕುವುದು ಯಾರಿಗೂ ಗಿಟ್ಟುವ ಕೆಲಸವಲ್ಲ. ನಮ್ಮ ಆತಂಕ, ಬೇಗ ತೂಕ ಬರಲೆಂದು ಮೇವು ಮತ್ತು ನೀರಿಗೆ ಬೆರೆಸುವ ಆಂಟಿಬಯಾಟಿಕ್‌ಗಳದ್ದು. ಔಷಧ ನಿಲ್ಲಿಸಿ ಇಷ್ಟು ದಿನ ಕಾಯಬೇಕೆಂಬ ನಿಯಮ ಮುರಿದು ಕೋಳಿಯನ್ನು ಮಾರುಕಟ್ಟೆಗೆ ಕಳಿಸುವುದೂ ಅದರ ಜೊತೆಗಿದೆ.

ಆದ್ದರಿಂದ ಬೈಕಂಪಾಡಿ, ಸುರತ್ಕಲ್ ಪ್ರದೇಶದ ಮಾಂಸ, ಪಿತ್ತಜನಕಾಂಗ, ಮೊಟ್ಟೆ, ಹಾಲಿನ ಮಾದರಿಗಳನ್ನು ಪ್ರತಿ ತಿಂಗಳು, ಮುನ್ಸೂಚನೆ ನೀಡದೆ, ಸಂಗ್ರಹಿಸಬೇಕು. ಮೊದಲು ಎಲಿಸಾ ಪರೀಕ್ಷೆಯಲ್ಲಿ ಜರಡಿ ಹಿಡಿದು, ಸಂಶಯ ಬಂದದ್ದನ್ನು ಎಲ್‌ಸಿ-ಎಂಎಸ್/ಎಂಎಸ್ ಉಪಕರಣ ಇರುವ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ದೃಢಪಡಿಸಬೇಕು. ಒಂದು ವಿಷಯವನ್ನು ಒತ್ತಿ ಹೇಳುತ್ತೇವೆ: ನೈಟ್ರೋಫ್ಯೂರಾನ್ ಮೂಲರೂಪದಲ್ಲಿ ಕೆಲವೇ ಗಂಟೆಗಳಲ್ಲಿ ದೇಹದಿಂದ ಮಾಯವಾಗುತ್ತದೆ. ಅದು ಒಡೆದು ಉಂಟಾದ ಎಒಝಡ್‌ನಂಥ ಅಂಶಗಳು ಮಾಂಸಕ್ಕೆ ಅಂಟಿಕೊಂಡು ವಾರಗಟ್ಟಲೆ ಉಳಿಯುತ್ತವೆ, ಬೇಯಿಸಿದರೂ ಹೋಗುವುದಿಲ್ಲ. ಇವನ್ನು ಹುಡುಕದೆ ಮೂಲ ಔಷಧವನ್ನಷ್ಟೇ ಹುಡುಕಿ ‘ಪತ್ತೆಯಾಗಿಲ್ಲ’ ಎಂದು ಬರೆದ ವರದಿಯನ್ನು ನಾವು ಒಪ್ಪಲಾರೆವು.

ಕಾಯ್ದೆ ಹೇಳುವ 14 ದಿನಗಳೊಳಗೆ ವಿಶ್ಲೇಷಕರ ವರದಿ ಬರಲಿ. ಫಲಿತಾಂಶ ಕನ್ನಡದಲ್ಲಿ ಪಾಲಿಕೆಯ ಸೂಚನಾ ಫಲಕಕ್ಕೆ ಏರಲಿ. ಉಳಿಕೆ ಸಿಕ್ಕರೆ ಕೋಳಿ ಅಂಗಡಿಯವರಿಗೆ ದಂಡ ಹಾಕಿ ಕಡತ ಮುಚ್ಚಬೇಡಿ. ಪಶುಪಾಲನಾ ಇಲಾಖೆ ಮತ್ತು ಔಷಧ ನಿಯಂತ್ರಣ ಅಧಿಕಾರಿಗಳು ಜೊತೆಗೂಡಿ ಫಾರಂ, ಮೇವು ಪೂರೈಕೆದಾರ, ಔಷಧ ಮಾರಿದವರ ತನಕ ಜಾಡು ಹಿಡಿಯಬೇಕು. ಶುಲ್ಕ ಕಟ್ಟಿ ತಾನೇ ಪರೀಕ್ಷೆ ಮಾಡಿಸುವ ಹಕ್ಕನ್ನು 40ನೇ ಕಲಮು ಗ್ರಾಹಕನಿಗೆ ಕೊಟ್ಟಿದೆ, ಉಲ್ಲಂಘನೆ ಕಂಡುಬಂದರೆ ಆ ಹಣ ಮರಳುತ್ತದೆ. ಅದಕ್ಕೆ ಎಲ್ಲಿಗೆ ಹೋಗಬೇಕು, ಶುಲ್ಕವೆಷ್ಟು ಎಂಬುದನ್ನು ಪ್ರಕಟಿಸಬೇಕು.

ಸಮಿತಿಯ ಮುಂದಿನ ಸಭೆಯಲ್ಲಿ ಈ ಮನವಿಯನ್ನು ಚರ್ಚೆಗೆ ತೆಗೆದುಕೊಂಡು ನಿರ್ಣಯವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಸ್ಥಳ: ಪಣಂಬೂರು
ಇಂತಿ ತಮ್ಮ ವಿಶ್ವಾಸಿಗಳು,
(ಸಹಿಗಳು ಲಗತ್ತು)

ಪ್ರತಿ: ಉಪ ನಿರ್ದೇಶಕರು, ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆ, ಮಂಗಳೂರು